ಇತರೆ, ನಮೂದಿಸಿ

ಇನ್ನೂರ ಹನ್ನೆರಡು ಮುರಿದ ಕೂಟಗಳ ಪಟ್ಟಿಯಲ್ಲಿ
ಇಂದಿನದು ನೂರ ಅರವತ್ತೇಳು.
ಪುಣೆ, ಭೋಸರಿ, ಜೆ ಬ್ಲಾಕು,
ಕೇಳಶೀಕರ್–ದುಬಾಶ್ ವಾಲ್ವ್ಸ್,
ಹುಟ್ಟು ೧೯೯೩, ಸಾವು ೨೦೦೮,
ಪಾಲು ಐವತ್ತೊಂದು, ನಲವತ್ತೊಂಬತ್ತು.

ಸಾವು ಅಂತ ಬರೆಯಬೇಡ, ಎಂದಿದ್ದರು ಪ್ರೊಫೆಸರು,
ಮುಕ್ತಾಯ ಅಂತ ಬರೆ.
ಹಾಳೆಯಲ್ಲಿ ಹತ್ತು ಕಾರಣ, ಎದುರಿಗೆ ಹತ್ತು ಚೌಕ:
ನಂಬಿಕೆಯ ಕೊರತೆ, ಬಂಡವಾಳದ ಕೊರತೆ,
ಗುರಿ ಬೇರೆಯಾದದ್ದು,
ಕಲಿಯಬೇಕಾದ್ದನ್ನು ಒಬ್ಬ ಬೇಗ ಕಲಿತುಬಿಟ್ಟದ್ದು...
ಹನ್ನೊಂದನೆಯದು: ಇತರೆ, ನಮೂದಿಸಿ.
ಅದರ ಮುಂದೆ ಒಂದೂವರೆ ಇಂಚು ಜಾಗ.

ಕೇಳಶೀಕರರಿಗೆ ಎಪ್ಪತ್ತೊಂಬತ್ತು.
ಚಹಾ ತರಿಸಿದರು. ತಮಗೆ ಸಕ್ಕರೆ ಬೇಡವೆಂದವರು
ನನ್ನ ಬಶಿಯಿಂದ ಒಂದು ಬಿಸ್ಕೀಟು ಎತ್ತಿಕೊಂಡರು.
ನಾನು ಕೇಳುವುದು ಮರಾಠಿ, ತುಂಬುವುದು ಇಂಗ್ಲಿಷು,
ಅಂಚಿನಲ್ಲಿ ಮಾತ್ರ ಕನ್ನಡ,
ಅಕ್ಕಲಕೋಟೆಯ ನಮ್ಮ ಅಡಿಗೆಮನೆಯದು,
ಯಾರೂ ಓದದ್ದು.

ಯಾಕೆ ಮುರಿಯಿತು?
ಅವರು ಡ್ರಾಯರು ಎಳೆದು
ಅಂಗೈಯಗಲದ ಕಬ್ಬಿಣದ ಪಟ್ಟಿ ಮೇಜಿಗಿಟ್ಟರು,
ಮೈಮೇಲೆ ಅರ್ಧ ಕಿತ್ತ ಕರಿ ರಬ್ಬರು.
"ಕಬ್ಬಿಣ ನನ್ನದು, ರಬ್ಬರು ಕೇಕಿಯದು, ನಡುವೆ ಅಂಟು.
ನಾವೂ ನಿನ್ನ ಕೆಲಸವನ್ನೇ ಮಾಡುತ್ತಿದ್ದೆವು, ಪೋರಿ.
ಶನಿವಾರ ಶನಿವಾರ ಯಂತ್ರಕ್ಕೆ ಕಚ್ಚಿಸಿ ಎಳೆದು
ಎಲ್ಲಿ ಬಿಟ್ಟಿತು ಅಂತ ನೋಡುವುದು.
ಅಂಟಿನಲ್ಲೇ ಬಿಟ್ಟರೆ ಇಡೀ ಮಾಲು ವಾಪಸ್ಸು.
ರಬ್ಬರು ತಾನೇ ಹರಿದು
ಕಬ್ಬಿಣದ ಮೇಲೆ ಇಷ್ಟು ಉಳಿದರೆ, ಪಾಸು.
ಕಿತ್ತುಬಂದದ್ದರಲ್ಲೂ ಪಾಸಾದದ್ದು ಇರುತ್ತದೆ.
ನಿನ್ನ ಹಾಳೆಯಲ್ಲಿ ಅದಕ್ಕೆ ಚೌಕ ಇದೆಯೇನು?"

ಇರಲಿಲ್ಲ.

"ಜಗಳ ಆಡಲಿಲ್ಲ. ಮೊದಮೊದಲು ಲೆಕ್ಕವೆಲ್ಲ
ಸಂಜೆ ಬಾಯಲ್ಲೇ ಮುಗಿಯುತ್ತಿತ್ತು, ಈ ಮೆಟ್ಟಿಲ ಮೇಲೆ.
ಆಮೇಲೆ ಅವನ ಮಗಳು ಬಂದಳು, ಜಾಣೆ, ಕಾಗದ ತಂದಳು.
ಕಾಗದ ತಪ್ಪಲ್ಲ.
ಕಾಗದ ಬಂದಮೇಲೆ ಸಂಜೆ ಹೋಯಿತು.
ಆ ಹೊತ್ತಿಗೆ ನನಗೂ ರಬ್ಬರು ಬೇಯಿಸಲು ಬರುತ್ತಿತ್ತು,
ಅವನಿಗೂ ಎರಕ ಹೊಯ್ಯಲು."

ಅಂಚಿನಲ್ಲಿ ಬರೆದೆ:
ಹಳಗನ್ನಡದಲ್ಲಿ ಪಾಲ್ ಎಂದರೆ ಪಾಲೂ ಹೌದು, ಹಾಲೂ ಹೌದು.
ಒಡೆಯ ಎಂಬ ಪದದೊಳಗೇ ಒಡೆ ಕೂತಿದೆ.
ಅಜ್ಜಿ ಹಾಲು ಚೆಲ್ಲುವ ಮುಂಚೆ ಮೂಸುತ್ತಿದ್ದಳು,
ಒಡೆದಿದೆಯೋ, ಹೆಪ್ಪಾಗುತ್ತಿದೆಯೋ.
ಎಷ್ಟೋ ಸಲ ಅವಳಿಗೂ ತಿಳಿಯುತ್ತಿರಲಿಲ್ಲ.

ಹೊರಗೆ ಎರಡು ಗೇಟು, ಎರಡು ಬೋರ್ಡು,
ನಡುವೆ ತಗಡಿನ ಬೇಲಿ. ಅದು ವೇಬ್ರಿಜ್‌ವರೆಗೆ ಬಂದು
ಅಲ್ಲೇ ನಿಂತುಬಿಟ್ಟಿದೆ.
ಎರಡೂ ಕಡೆಯ ಲಾರಿಗಳು ಇವತ್ತಿಗೂ
ಅದೇ ಕಟ್ಟೆ ಹತ್ತಿ ಇಳಿಯುತ್ತವೆ.
ಚೀಟಿಯ ಮೇಲೆ ಭಿವಾ ಗವ್ಹಾಣೆ ಒತ್ತುವ ಮೊಹರು:
ಕೇಳಶೀಕರ್–ದುಬಾಶ್.
ಹೊಸದು ಮಾಡಿಸು ಅಂತ ಯಾರೂ ಹೇಳಲಿಲ್ಲವಂತೆ,
ಹದಿನಾರು ವರ್ಷ.

ಲಾರಿ ಯಾವುದೂ ಇರಲಿಲ್ಲ, ನಾನೇ ಹತ್ತಿ ನಿಂತೆ.
ಕೆಂಪು ಅಂಕಿ ಸೊನ್ನೆಯಿಂದ ನೆಗೆದು ಅರವತ್ತಾಯಿತು.
ನಾನು ಐವತ್ತಾರು, ಎಂದೆ.
"ಹತ್ತರ ಒಳಗಿನದು ಇದಕ್ಕೆ ತಿಳಿಯುವುದಿಲ್ಲ ತಾಯಿ,
ಲಾರಿಗೆಂದು ಮಾಡಿದ್ದು."

ಬಸ್ಸಿನಲ್ಲಿ ಹನ್ನೊಂದನೆಯ ಚೌಕಕ್ಕೆ ಗುರುತು ಹಾಕಿ
ಒಂದೂವರೆ ಇಂಚಿನ ಮೇಲೆ ಪೆನ್ನು ಹಿಡಿದು ಕೂತೆ.
ನಾಶಿಕ್ ಫಾಟಾ ದಾಟಿತು, ಕಂಡಕ್ಟರು ಬಂದ,
ಚಿಲ್ಲರೆ ಇಲ್ಲದ್ದಕ್ಕೆ ಬೈದ.
ನಾಳೆ ಹತ್ತೂವರೆಗೆ
ಬೇಲಿಯ ಆ ಕಡೆ.