ಮಾಪಾಡಿಯ ಆಕ್ಷೇಪ

ರಾತ್ರಿ ಎರಡೂವರೆ. ಲಾಸಲಗಾಂವದ ಲಾರಿ ಇನ್ನೂ ಬಂದಿಲ್ಲ.
ವಾಶಿ ಮಾರ್ಕೆಟ್ಟಿನ ಉಳ್ಳಾಗಡ್ಡಿ ಸಾಲಿನಲ್ಲಿ
ನಾನು, ನನ್ನ ಕಾಟಾ, ಮಿಣುಕುವ ಟ್ಯೂಬಲೈಟು,
ಮಗಳು ಸುಗಲಾ ಕೊಟ್ಟ ದಪ್ಪ ಕಾದಂಬರಿ.
ರಟ್ಟಿನ ಮೇಲೆ ರೆಕ್ಕೆಯ ಹುಲಿ.
ಒಳಗೆ ಹುಲಿ ಬರುವುದೇ ಇಲ್ಲ,
ಇನ್ನೂರು ಪುಟ ಕಾದೆ.

"ನನಗ ವಾದಕ್ಕ ಒಬ್ಬರು ಬೇಕಪ್ಪ," ಅಂದಿದ್ದಳು,
"ಕಾಲೇಜಿನ್ಯಾಗ ಎಲ್ಲಾರೂ ಹೌದು ಹೌದು ಅಂತಾರ."

ಕಥೆ ಇಷ್ಟು. ಏಳು ಗೋಡೆಯ, ನೀರಿಲ್ಲದ ಪಟ್ಟಣ.
ನಡುವೆ ಒಂದು ತಕ್ಕಡಿ. ಮನುಷ್ಯನನ್ನು ಕೂರಿಸಿದರೆ
ಅವನ ತಪ್ಪನ್ನಷ್ಟೇ ತೂಗುತ್ತದೆ, ಮೈಯನ್ನಲ್ಲ.
ತೂಗುವವಳು ಒಮ್ಮೆ ಸುಳ್ಳಾಡಿದರೆ ಮುಗಿಯಿತು,
ಮತ್ತೆಂದೂ ಅದು ಯಾರನ್ನೂ ತೂಗದು.
ಒಂದು ದಿನ ತಂದು ಕೂರಿಸುತ್ತಾರೆ
ಕೊಡ ನೀರು ಕದ್ದ ಎಂಟು ವರ್ಷದ ಹುಡುಗನನ್ನು.
ಕಳವಿಗೆ ಶಿಕ್ಷೆ, ಗೋಡೆಯಾಚೆಯ ಮರಳು.
ನೀಹಾಳಿ ಅಂತ ಆಕೆಯ ಹೆಸರು. ಮುಳ್ಳನ್ನು ನೋಡುತ್ತಾಳೆ,
"ಸೊನ್ನೆ" ಅನ್ನುತ್ತಾಳೆ.
ಹುಡುಗ ಬದುಕಿದ. ತಕ್ಕಡಿ ಸತ್ತಿತು.
ಮುಂದಿನ ಅಧ್ಯಾಯದಲ್ಲಿ ಊರು ಬರೀ ಅನುಮಾನದ ಮೇಲೆ
ಹದಿನಾಲ್ಕು ಮಂದಿಯನ್ನು ಮರಳಿಗೆ ಅಟ್ಟಿತು.

ಬೆಳಿಗ್ಗೆ ಆರು, ತುರ್ಭೆಯ ಖೋಲಿ. ಒಲೆಯ ಮೇಲೆ ಹಾಲು.
"ಆಕಿ ಮಾಡಿದ್ದು ಸರಿ ಏನು?"
"ಸರಿ. ಕೂಸಿನ ಮಾರಿ ನೋಡಿದ ಮ್ಯಾಲ—"
"ಅದು ಕರುಳು, ವಾದ ಅಲ್ಲ. ಯಾಕ, ಅದನ್ನ ಹೇಳು."

ಕಲ್ಲಿನ ಮೇಲೆ ಕಲ್ಲಿಟ್ಟಂತೆ ಇಟ್ಟೆ:
"ತಪ್ಪಿಗಿಂತ ಶಿಕ್ಷಾ ಭಾರ ಆದ್ರ ಕಾಯ್ದೆನ ಮೋಸದ ಕಲ್ಲು.
ಮೋಸದ ಕಲ್ಲಿಗೆ ನಾ ಯಾಕ ಖರೆ ಹೇಳಲಿ?"
"ಈಗ ಇದು ವಾದ," ಅಂದಳು. ಮರುಗಳಿಗೆ
ಕೆಳಗಿನ ಕಲ್ಲನ್ನೇ ಎಳೆದಳು:
"ತಪ್ಪಿದ್ದು ಕಾಯ್ದೆ, ತಕ್ಕಡಿ ಅಲ್ಲ. ಅದನ್ಯಾಕ ಕೊಂದಳು?
ತೂಕ ಇಷ್ಟೈತಿ, ಶಿಕ್ಷಾ ಬ್ಯಾಡ್ರಿ, ಅನ್ನಬಹುದಿತ್ತಲ್ಲ?"
"ಊರು ಕೇಳತಿತ್ತೇನು?"
"ಗೊತ್ತಿಲ್ಲ. ಆಕಿ ಕೇಳಿ ನೋಡಲಿಲ್ಲ.
ಆ ಹದಿನಾಲ್ಕು ಮಂದಿ?"
"ನಾಳಿನ ಲಾರಿ ಮಾಲು ಇವತ್ತು ತೂಗಾಕ ಬರೂದಿಲ್ಲವ್ವ."
"ಲಾರಿ ಬರತೈತಿ ಅನ್ನೂದರ ಗೊತ್ತಿತ್ತಿಲ್ಲೊ?"

ಹಾಲು ಉಕ್ಕಿತು. ಇಬ್ಬರೂ ಏಳಲಿಲ್ಲ.

ಆಮೇಲೆ ಹೇಳಿದೆ, ಯಾರಿಗೂ ಹೇಳದ್ದು.
ಹನ್ನೊಂದು ವರ್ಷವಾಯಿತು. ಮಾನಖುರ್ದಿನಲ್ಲಿ ಭಜಿ ಮಾರುವ ಸಕೀನಾಬಿ
ಕೂಸನ್ನು ಆಸ್ಪತ್ರೆಯಲ್ಲಿ ಬಿಟ್ಟು ಒಂದು ಚೀಲಕ್ಕೆ ಬಂದಿದ್ದಳು.
ಎಡಗಾಲ ಹೆಬ್ಬೆರಳಿಂದ ಚೀಲದ ತುದಿ ಎತ್ತಿದೆ,
ಐವತ್ತೆರಡು ಐವತ್ತಾಯಿತು.
ಸಂಜೆ ಲೆಕ್ಕದಲ್ಲಿ ಎರಡು ಕಿಲೋ ಕಮ್ಮಿ.
ಹಮಾಲ ದುರ್ಗಪ್ಪನ ಕೂಲಿಯಲ್ಲಿ ಮುರಿದರು.
ನಾನು ಬಾಯಿ ಬಿಡಲಿಲ್ಲ.

"ಮರುದಿನ ಕಾಟಾ ಎಂದಿನಂಗ ತೂಗಿತು, ಗ್ರಾಂ ತಪ್ಪಲಿಲ್ಲ.
ಪುಸ್ತಕದ್ದು ಸತ್ತರ ಊರಿಗೇ ಗೊತ್ತಾತು.
ನಂದು ಸಾಯಲಿಲ್ಲವ್ವ. ಅದ ನನಗ ಅಂಜಿಕಿ."

ಸುಗಲಾ ಬಹಳ ಹೊತ್ತು ಮಾತಾಡಲಿಲ್ಲ.
ವಹಿ ತೆಗೆದು ಬರೆದಳು: ಆಕ್ಷೇಪ ಒಂದು, ವಾಶಿಯ ಮಾಪಾಡಿ.
ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಳು.
ಚಪ್ಪಲಿ ಮೆಟ್ಟುವಾಗ ಕೇಳಿದಳು,
"ದುರ್ಗಪ್ಪ ಕಾಕಾಗ ಗೊತ್ತೇನು?"
ಏಳರ ಲೋಕಲ್ಲು. ಉತ್ತರಕ್ಕೆ ಕಾಯಲಿಲ್ಲ.

ರಾತ್ರಿ ಮತ್ತೆ ಎರಡೂವರೆ. ಖಾಡಿಯ ಉಪ್ಪು ಗಾಳಿ.
ಸುಮ್ಮನೆ ಕೂರಲಾರದೆ ಪುಸ್ತಕವನ್ನು ಕಾಟಾದ ಮೇಲಿಟ್ಟೆ,
ಆರುನೂರ ನಲವತ್ತು ಗ್ರಾಂ.
ದುರ್ಗಪ್ಪ ಬಂದ, ತಲೆಗೆ ಸಿಂಬೆ ಸುತ್ತುತ್ತಾ,
ರಟ್ಟನ್ನು ನೋಡಿ ನಕ್ಕ. "ಹುಲಿ ಐತೇನೋ ಇದರಾಗ?"
"ಇಲ್ಲ," ಅಂದೆ.
"ದುರ್ಗ್ಯಾ," ಅಂದೆ.
ಅಷ್ಟರಲ್ಲಿ ಗೇಟಿನ ಬಳಿ ಹಾರನ್ನು.
ಅವನು ತಿರುಗಿ ನಿಂತಿದ್ದ, "ಏನೋ?" ಅಂತ,
ಲಾರಿಯ ದೀಪ ಅವನ ಮುಖದ ಮೇಲೆ.