ಪುಟ್ಟಲಿಂಗಿಯ ಪ್ಯಾಡು

ಮಂಡ್ಯದ ಗುತ್ತಲು ರಸ್ತೆಯಲ್ಲಿ ನನ್ನದು ಸೀಟು ಹೊಲಿಯುವ ಅಂಗಡಿ.
ಟ್ರ್ಯಾಕ್ಟರು, ಬುಲೆಟ್ಟು, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿ.
ಅವಳು ಬಂದು ತೊಡೆಯಿಂದ ಪಾದಕ್ಕೆ ಗೆಣ್ಣು ಹಾಕಿ
‘ಇಲ್ಲಿಂದ ಇಲ್ಲೀಗಂಟ ಹೊಲ್ಕೊಡು ಪಾಷಣ್ಣ, ಎರಡು ಕಾಲಿಗೂ.’
ಯಾರು ಕೂರೋಕೆ ಅಂದೆ.
‘ಯಾರೂ ಕೂರಲ್ಲ. ಚೆಂಡು ಬಂದು ಬಡೀತದೆ.
ಚೆಂಡೂ ಅಲ್ಲ, ರಬ್ಬರಿನ ಬಿಲ್ಲೆ.’

ಐಸ್ ಫ್ಯಾಕ್ಟರಿ ಜವರಯ್ಯನ ಮಗಳು.
ಅಮೋನಿಯದ ಘಾಟಲ್ಲೇ ನಡೆಯಲು ಕಲಿತವಳು,
ಕೊಕ್ಕೆ ಹಾಕಿ ಎಳೆಯುವ ಗಡ್ಡೆಯ ಮೇಲೆ ನಿಂತು
ಮೀನಿನ ಲಾರಿಯವರೆಗೂ ಜಾರಿಕೊಂಡು ಬರುತ್ತಿದ್ದವಳು.
ಆಮೇಲೆ ಗಾಲಿ ಬೂಟು. ಮದುವೆ ಇಲ್ಲದ ದಿನ
ಕಲ್ಯಾಣಮಂಟಪದ ಊಟದ ಮನೆ.
ಆಷಾಢ ಬಂತೆಂದರೆ ತಿಂಗಳಿಡೀ ಅವಳದೇ.

ಡೈರಿಯಲ್ಲಿ ಕೆಲಸ, ಹಾಲಿನ ಡಿಗ್ರಿ ನೋಡುವುದು.
ಜನವರಿಯಲ್ಲಿ ಸಂಬಳವಿಲ್ಲದ ರಜೆ, ಎತ್ತಿದ ಚೀಟಿ ದುಡ್ಡು,
ಎರಡು ರೈಲು, ಒಂದು ವಿಮಾನ, ಲೇಹ್.
ಮೊದಲ ಆಟದಲ್ಲೇ ಹನ್ನೊಂದು ಗೋಲು ಬಿಟ್ಟುಕೊಟ್ಟಳು.
ಬಂದು ಹೇಳಿದ್ದು ಅದನ್ನಲ್ಲ:
‘ನಮ್ಮ ಐಸು ಸುತ್ತಲಿಂದ ಕಟ್ಟುತ್ತೆ ಪಾಷಣ್ಣ,
ನೀರಿನ ಉಪ್ಪೆಲ್ಲ ನಡುವಿಗೆ ಓಡಿ ಬೆಳ್ಳಗೆ ನಿಂತ್ಕತದೆ.
ಅಲ್ಲೀದಕ್ಕೆ ಹೊಟ್ಟೇನೇ ಇಲ್ಲ. ಕಪ್ಪಗೆ.
ಬಗ್ಗಿ ನೋಡಿದ್ರೆ ನನ್ನ ಕೆಳಗೆ ಕೆರೆ ಉಸಿರಾಡ್ತಿತ್ತು.’

ಏಳು ಚಳಿಗಾಲ, ಮೂರು ಚಿನ್ನ.
ಪೇಪರಿನವರು ಹುಲ್ಲಿನ ಮೈದಾನದ ಹಾಕಿ ಫೋಟೊ ಹಾಕಿದರು.
ಸರ್ಟಿಫಿಕೇಟಿನಲ್ಲಿ ‘ಪುತಲಿಂಗ’, ಪುರುಷ ಅಂತ ಗುರುತು.
ತಿದ್ದಿಸು ಅಂದೆ.
‘ತಡೆದೋಳು ನಾನೇ ತಾನೆ’ ಅಂದಳು.

ಕೊನೆಯ ಫೈನಲ್ಲಿನಲ್ಲಿ ಬಿಲ್ಲೆ ನನ್ನ ಹೊಲಿಗೆಗೇ ಬಿತ್ತಂತೆ.
ರೆಕ್ಸಿನ್ ಹರಿದು ನಾರು ಚೆಲ್ಲಿತು,
ಮದ್ದೂರಿನ ತೆಂಗಿನ ನಾರು, ಹನ್ನೊಂದು ಸಾವಿರ ಅಡಿ ಮೇಲೆ.
ರೆಫರಿ ಒಂದೆಳೆ ಹೆಕ್ಕಿ, ಮೂಸಿ, ಜೇಬಿಗಿಟ್ಟುಕೊಂಡನಂತೆ.
ಗೋಲು ಆಗಲಿಲ್ಲ.

ಈಗ ಎಡ ಮೊಣಕಾಲು ಮಡಚುವುದಿಲ್ಲ,
ಡೈರಿಯ ಮೆಟ್ಟಿಲು ಅಡ್ಡಡ್ಡ ಇಳಿಯುತ್ತಾಳೆ.
ಪ್ಯಾಡು ರಿಪೇರಿಗೆ ಕೊಟ್ಟು ಎರಡು ವರ್ಷ,
ಹೊಲಿದು ಮೊಳೆಗೆ ನೇತುಹಾಕಿದ್ದೇನೆ. ಕೇಳಲು ಬಂದಿಲ್ಲ, ನಾನೂ ಹೇಳಿಲ್ಲ.

ಕೂತವರ ತಗ್ಗು ನನಗೆ ಗೊತ್ತು, ಮೂವತ್ತು ವರ್ಷದಿಂದ:
ಅಗಲ, ಸೋಮಾರಿ, ಒತ್ತಿದರೆ ಮೇಲೇಳುತ್ತದೆ.
ಇದರಲ್ಲಿರುವುದು ಬೇರೆ. ಅಂಗೈಯಷ್ಟೇ, ನೂರಾರು,
ಹೆಬ್ಬೆರಳಿಟ್ಟರೆ ಎಲುಬಿನ ಹಾಗೆ ಗಟ್ಟಿ.

ಮೊನ್ನೆ ಬುಲೆಟ್ಟಿನವನೊಬ್ಬ ಅದನ್ನೇ ನೋಡುತ್ತ
ಚೆನ್ನಾಗೈತೆ, ಎಷ್ಟು ಅಂದ.
ನಿನ್ನ ಗಾಡಿಗೆ ಕೂರಲ್ಲ ಕಣಪ್ಪ ಅಂದೆ.