ಟಚ್ಚಪ್ಪು

ಬದಿಯಡ್ಕ ಬಸ್‌ಸ್ಟ್ಯಾಂಡಿನೆದುರು, ಮೆಡಿಕಲ್ ಶಾಪಿನ ಮೇಲೆ
ಹದಿನಾಲ್ಕು ಮೆಟ್ಟಿಲು ಹತ್ತಿದರೆ ನನ್ನ ಸ್ಟುಡಿಯೋ.
ಬೋರ್ಡಿನಲ್ಲಿ ಮೊದಲು ಮಲಯಾಳ, ಕೆಳಗೆ ಸಣ್ಣಕ್ಕೆ ಕನ್ನಡ,
ಒಳಗೆ ತುಳು.
ಯಾವ ಭಾಷೆಯಲ್ಲಿ ಬಂದರೂ ಕುರ್ಚಿಯಲ್ಲಿ ಕೂತ ಮೇಲೆ
ಎಲ್ಲರೂ ಕೇಳುವುದು ಒಂದೇ:
"ಸ್ವಲ್ಪ ಬೆಳ್ಳಗೆ ಮಾಡಿ, ಆಯ್ತಾ?"

ಕೇಳದಿದ್ದರೂ ಮಾಡುತ್ತೇನೆ. ಕೈಗೆ ಅಭ್ಯಾಸ.
ಸೋದರಮಾವನ ಕಾಲದಲ್ಲಿ ಚೂಪು ಪೆನ್ಸಿಲು,
ನೆಗೆಟಿವಿನಲ್ಲಿ ಕಪ್ಪು ತೀಡಿದಷ್ಟೂ ಪ್ರಿಂಟಿನಲ್ಲಿ ಬಿಳಿ.
ಈಗ ಮೌಸಿನ ಒಂದು ಎಳೆತ.
ಜಾತಕದ ಜೊತೆ ಹೋಗುವ ಹುಡುಗಿಯರನ್ನು
ಎಣ್ಣೆಗಪ್ಪಿನಿಂದ ಗೋಧಿಗೆ, ಗೋಧಿಯಿಂದ ಹಾಲಿಗೆ
ಎಷ್ಟು ಎಳೆಯಬೇಕೆಂದು ಬೆರಳಿಗೇ ಗೊತ್ತು.

ತಂಗಿ ಜಲಜಾಳದ್ದನ್ನೂ ನಾನೇ ಎಳೆದದ್ದು.
ಪೆರ್ಲದಿಂದ ಬಂದವರು ಫೋಟೋ ನೋಡಿದರು, ಅವಳನ್ನು ನೋಡಿದರು,
ಪುನಃ ಫೋಟೋ ನೋಡಿದರು.
ಅವಲಕ್ಕಿ ಒಳ್ಳೆದಾಗಿದೆ ಅಂದರು.
ಆಮೇಲೆ ಫೋನು ಬರಲಿಲ್ಲ.
ಜಲಜಾ ನನಗೆ ಏನೂ ಹೇಳಲಿಲ್ಲ.
ಆ ಹಸಿರು ಸೀರೆ ಮಾತ್ರ ಮತ್ತೆ ಉಡಲಿಲ್ಲ.

ಮೊನ್ನೆ ಮಂಗಳವಾರ ಶಶಿಕಲಾ ಬಂದಳು.
ಪಿಎಸ್‌ಸಿ ಪರೀಕ್ಷೆಗೆ ಫೋಟೋ, ಅಡಿಯಲ್ಲಿ ಹೆಸರು, ತಾರೀಕು.
ಅಕ್ಷಯ ಕೇಂದ್ರದ ಕ್ಯಾಮರಾ ಅವಳ ಮುಖ ಹಿಡಿಯಲಿಲ್ಲವಂತೆ,
ಮೂರು ಸಲವೂ ಹಿಂದಿನ ಗೋಡೆಯೇ ಚಂದಕ್ಕೆ ಬಂತಂತೆ.
"ಗೋಡೆಗೆ ಕೆಲಸ ಸಿಗ್ಬಹುದು" ಎಂದು ನಕ್ಕಳು.
ನಾನೂ ನಕ್ಕೆ. ನಗುತ್ತಲೇ ಮೌಸ್ ಎಳೆದೆ.

"ಇದು ಯಾರು?"

"ಹಾಲ್‌ಟಿಕೆಟಿನಲ್ಲಿ ಇವಳು, ಬೆಂಚಿನಲ್ಲಿ ನಾನು.
ಕೇಳಿದ್ರೆ ಎಂತ ಹೇಳ್ಲಿ?"
ಸ್ವರದಲ್ಲಿ ಸಿಟ್ಟಿರಲಿಲ್ಲ,
ಕಂಡಕ್ಟರಿನಿಂದ ಬಾಕಿ ಚಿಲ್ಲರೆ ಕೇಳುವ ಹಾಗೆ ಕೇಳಿದಳು.
ಕಂಟ್ರೋಲ್ ಝಡ್. ಕಂಟ್ರೋಲ್ ಝಡ್.
ಹಾಲಿನೊಳಗಿಂದ ಅವಳು ಮೆಲ್ಲಗೆ ಮೇಲೆ ಬಂದಳು.

ಪ್ರಿಂಟು ಒಣಗುವವರೆಗೆ ಗೋಡೆ ನೋಡುತ್ತ ನಿಂತಿದ್ದಳು.
ಅಲ್ಲಿ ಮಾವ ತೆಗೆದ ಕಪ್ಪು-ಬಿಳುಪು:
ಡೋಲು, ಬೆವರಿದ ಬರಿಯ ಎದೆ, ಸೊಂಟಕ್ಕೊಂದು ತುಂಡು.
ಒಂದು ವರ್ಷ ಬ್ಯಾಂಕಿನ ಕ್ಯಾಲೆಂಡರಿಗೆ ಹೋಗಿತ್ತು,
ಕೆಳಗೆ 'ನಮ್ಮ ನೆಲದ ಸೊಬಗು' ಎಂದು ಅಚ್ಚಾಗಿ.
ಹೆಸರಿರಲಿಲ್ಲ.

"ಮತ್ತಾಡಿ" ಎಂದಳು. "ನನ್ನ ಅಜ್ಜ.
ಮನೆಯಲ್ಲಿ ಅವರದ್ದು ಒಂದು ಫೋಟೋ ಇಲ್ಲ."
ಸ್ವಲ್ಪ ತಡೆದು,
"ಇದಕ್ಕೊಂದು ಅಂಗಿ ಹಾಕಿ ಕೊಡ್ಲಿಕ್ಕೆ ಆಗ್ತದಾ?"

ಆಗ್ತದೆ. ಆಗದೆ ಏನು.
ಆ ದಿನ ಅವರು ಅಂಗಿ ಹಾಕಿಯೇ ಬಂದಿದ್ದರು.
ತೆಗೆಸಿದ್ದು ಮಾವ: "ಅಂಗಿಯಿದ್ದರೆ ಕೊರಗ ಅಂತ ಯಾರು ನಂಬುವುದು?"
ಅದನ್ನು ಹಿಡಿದುಕೊಂಡು ಕ್ಯಾಮರಾದ ಹಿಂದೆ ನಿಂತವನು ನಾನು,
ಎಂಟು ವರ್ಷ,
ಎರಡೇ ಬೆರಳಲ್ಲಿ, ಮೈಗೆ ತಾಗದ ಹಾಗೆ ಕೈ ಚಾಚಿ.
ಹಾಗೆ ಹಿಡಿಯಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.
ಅಂಗಳದ ತುದಿಯಲ್ಲಿ ಅವರ ಗೆರಟೆಗೆ
ಅಜ್ಜಿ ಮೇಲಿನಿಂದ ಚಾ ಹೊಯ್ಯುವುದನ್ನು ನೋಡಿದ್ದೆ, ಅಷ್ಟೇ.
ಶಾಲೆಯಲ್ಲಿ ನನಗೂ ಮಸಿಪಾತ್ರೆ ಎಂದೇ ಹೆಸರು,
ಅವರ ಕೈ ನನ್ನ ಕೈ ಒಂದೇ ಬಣ್ಣ.
ಅದು ಅಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ.

ಇದನ್ನೆಲ್ಲ ಶಶಿಕಲಾಳಿಗೆ ಹೇಳಲಿಲ್ಲ.
ಶುಕ್ರವಾರ ಬಾ ಎಂದೆ. ದುಡ್ಡು ಬೇಡ ಎಂದೆ.
ನೂರರ ನೋಟು ಮೇಜಿನ ಮೇಲಿಟ್ಟು
ರಶೀದಿ ಕೇಳಿ ತೆಗೆದುಕೊಂಡು ಹೋದಳು.

ಈಗ ಮುಳ್ಳೇರಿಯದ ಕೊನೆಯ ಬಸ್ಸೂ ಹೋಗಿದೆ.
ಪರದೆಯ ಮೇಲೆ ಮತ್ತಾಡಿಯವರ ಹೆಗಲು.
ಹುಡುಕಿದರೆ ಸಾವಿರ ಅಂಗಿ ಸಿಗುತ್ತವೆ, ಎಲ್ಲ ಇಸ್ತ್ರಿಯವು,
ಯಾವುದೂ ಈ ಹೆಗಲಿಗೆ ಕೂರುವುದಿಲ್ಲ.
ಅದು ನೀಲಿ ಗೆರೆಯದ್ದು.
ಕಪ್ಪು-ಬಿಳುಪಿನಲ್ಲಿ ನೀಲಿ ಎಷ್ಟು ಬೂದಿಯಾಗುತ್ತದೆ?
ಎರಡನೆಯ ಗುಂಡಿ ಇರಲಿಲ್ಲ, ಪಿನ್ನು ಚುಚ್ಚಿತ್ತು.
ಕಾಲರಿನಿಂದ ಶುರುಮಾಡಿದ್ದೇನೆ, ಕೈಯಲ್ಲೇ, ಒಂದೊಂದೇ ಗೆರೆ.

ಫೋಟೋ ತೆಗೆಯುತ್ತಾರೆಂದು ಒಗೆದು ತಂದಿದ್ದರು.
ಅಷ್ಟು ದೂರ ಹಿಡಿದಿದ್ದರೂ
ಬಾರ್ ಸೋಪಿನ ಪರಿಮಳ ಬರುತ್ತಿತ್ತು.